ನೂರು ಎಲೆಕ್ಟ್ರಾನ್‌ಗಳ ಕೆಪಾಸಿಟರ್: ಚಿಪ್‌ನೊಳಗೆ ಶ್ರುತಿ ಕೂಡಿಸುವ ಲೆಕ್ಕ

ತಂಬೂರಿಗೆ ಶ್ರುತಿ ಕೂಡಿಸುವವರು ಎರಡು ಕಡೆ ಕೈ ಆಡಿಸುತ್ತಾರೆ. ಮೊದಲು ಬಿರಡೆ ತಿರುಗಿಸಿ ತಂತಿಯನ್ನು ಸ್ವರದ ಹತ್ತಿರ ತರುತ್ತಾರೆ, ಆಮೇಲೆ ಕೆಳಗಿನ ಮಣಿಯನ್ನು ಒಂದಿಷ್ಟೇ ಸರಿಸುತ್ತಾರೆ. ಬಿರಡೆಯೊಂದರಿಂದಲೇ ಕೂಡಿಸಲು ಹೊರಟರೆ ಸ್ವರ ಒಮ್ಮೆ ಈಚೆ, ಒಮ್ಮೆ ಆಚೆ ಜಾರುತ್ತದೆ, ನಡುವೆ ನಿಲ್ಲುವುದಿಲ್ಲ. ಮೊಬೈಲ್, ಬ್ಲೂಟೂತ್ ಇಯರ್‌ಫೋನ್, ವೈಫೈ ರೌಟರ್‌ಗಳ ರೇಡಿಯೊ ಚಿಪ್‌ಗಳಲ್ಲಿ ಅಲೆಯ ಆವರ್ತನವನ್ನು ಹುಟ್ಟಿಸುವ ಆಸಿಲೇಟರ್‌ನ ಕಥೆಯೂ ಇದೇ. ಅಲ್ಲಿ ಮಣಿಯ ಬದಲು ಸ್ವಿಚ್ ಹಾಕಿದ ಪುಟ್ಟ ಕೆಪಾಸಿಟರ್‌ಗಳ ಸಾಲು. ತೊಂದರೆಯೆಂದರೆ ಸ್ವಿಚ್ ಆನ್ ಇರುತ್ತದೆ ಅಥವಾ ಆಫ್ ಇರುತ್ತದೆ. ಅರ್ಧ ಸರಿಸುವ ಮಾತಿಲ್ಲ. ಒಂದು ಕೆಪಾಸಿಟರ್ ಒಳಗೆ ಬಂದಾಗ ಆವರ್ತನ ಎಷ್ಟು ಜಿಗಿಯುತ್ತದೋ ಅದೇ ಆ ಚಿಪ್‌ನ ಅತಿ ಸಣ್ಣ ಹೆಜ್ಜೆ.

ಈ ಹೆಜ್ಜೆಯ ಗಾತ್ರಕ್ಕೆ ಈಗ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಡೇಟಾ ವೇಗದ ದಾಹ. ವೈಫೈ 7ರ 4096-ಕ್ಯೂಎಎಂ ಮಾಡ್ಯುಲೇಶನ್‌ನಲ್ಲಿ (ಅಲೆಯ ಎತ್ತರ ಮತ್ತು ಫೇಸ್, ಎಂದರೆ ಆವರ್ತದೊಳಗಿನ ಸ್ಥಾನ, ಎರಡರಲ್ಲೂ ಡೇಟಾ ತುಂಬುವ ವಿಧಾನ) ಪ್ರಸಾರದ ದೋಷ ಸಂಕೇತಕ್ಕಿಂತ 38 ಡೆಸಿಬೆಲ್ ಕೆಳಗಿರಬೇಕು. ಆ ದೋಷವನ್ನೆಲ್ಲ ಫೇಸ್‌ನ ಲೆಕ್ಕಕ್ಕೇ ಬರೆದರೂ 0.72 ಡಿಗ್ರಿ ಸಿಗುತ್ತದೆ. 6 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 330 ಫೆಮ್ಟೊಸೆಕೆಂಡ್‌ನ ಅಲುಗಾಟ. ಪವರ್ ಆಂಪ್ಲಿಫೈಯರ್‌ನ ವಕ್ರತೆ, ಮಿಕ್ಸರ್‌ನ ಅಸಮತೋಲ ಎಲ್ಲವೂ ಇದೇ ಬುತ್ತಿಯಿಂದ ಉಣ್ಣುವುದರಿಂದ ಆಸಿಲೇಟರ್ ಮತ್ತು ಅದರ ಲೂಪ್‌ಗೆ (ಆವರ್ತನವನ್ನು ಗಡಿಯಾರಕ್ಕೆ ಹೋಲಿಸಿ ತಿದ್ದುತ್ತಲೇ ಇರುವ ಸರ್ಕ್ಯೂಟ್‌ಗೆ) ಉಳಿಯುವುದು ಇದರ ಒಂದು ಪಾಲು ಮಾತ್ರ.

ಮೊದಲು ಅಂಕಿ ನೋಡೋಣ. 1 ನ್ಯಾನೊಹೆನ್ರಿ ಇಂಡಕ್ಟರ್ ಇಟ್ಟು 4 ಗಿಗಾಹರ್ಟ್ಸ್‌ನಲ್ಲಿ ಆಡುವ ಎಲ್‌ಸಿ ಆಸಿಲೇಟರ್‌ಗೆ (ಇಂಡಕ್ಟರ್ ಎಂಬ ತಂತಿಸುರುಳಿ ಮತ್ತು ಕೆಪಾಸಿಟರ್ ಸೇರಿ ಆವರ್ತನ ನಿರ್ಧರಿಸುವಂಥದ್ದು) ಒಟ್ಟು 1.58 ಪಿಕೊಫ್ಯಾರಡ್ ಬೇಕು. ಪಿಕೊದ ಸಾವಿರದ ಒಂದು ಭಾಗ ಫೆಮ್ಟೊ, ಅದರ ಸಾವಿರದ ಒಂದು ಭಾಗ ಅಟೊ. ಸಣ್ಣ ಬದಲಾವಣೆಗಳಿಗೆ ಸೂತ್ರ ಸರಳ: ಕೆಪಾಸಿಟೆನ್ಸ್ ಶೇಕಡಾ ಎಷ್ಟು ಬದಲಾಯಿತೋ ಆವರ್ತನ ಅದರ ಅರ್ಧದಷ್ಟು ಶೇಕಡಾ, ವಿರುದ್ಧ ದಿಕ್ಕಿನಲ್ಲಿ ಬದಲಾಗುತ್ತದೆ. ಹೀಗಾಗಿ 1 ಫೆಮ್ಟೊಫ್ಯಾರಡ್ ಸೇರಿಸಿದರೆ ಆವರ್ತನ 1.26 ಮೆಗಾಹರ್ಟ್ಸ್ ಕುಸಿಯುತ್ತದೆ. 20 ಕಿಲೊಹರ್ಟ್ಸ್ ಹೆಜ್ಜೆ ಬೇಕೆಂದರೆ 16 ಅಟೊಫ್ಯಾರಡ್. ಇಂಥ ಕೆಪಾಸಿಟರ್‌ಗೆ 1 ವೋಲ್ಟ್ ಕೊಟ್ಟರೆ ಅದರಲ್ಲಿ ಕೂರುವುದು ಸರಿಯಾಗಿ ನೂರು ಎಲೆಕ್ಟ್ರಾನ್. ಚಿಪ್‌ನ ಲೋಹದ ಪದರಗಳಲ್ಲಿ ಕಟ್ಟುವ ಕೆಪಾಸಿಟರ್‌ಗಳ ಸಾಂದ್ರತೆ ಚದರ ಮೈಕ್ರಾನ್‌ಗೆ 1ರಿಂದ 2 ಫೆಮ್ಟೊಫ್ಯಾರಡ್ ಎಂದು ಹಿಡಿದರೆ, ಅದಕ್ಕೆ ಬೇಕಾಗುವ ಜಾಗ ಮೈಕ್ರಾನ್‌ನ ಹತ್ತನೇ ಒಂದು ಭಾಗ ಉದ್ದ, ಅಷ್ಟೇ ಅಗಲ. ಅದನ್ನು ಜೋಡಿಸುವ ತಂತಿಯ ಕೆಪಾಸಿಟೆನ್ಸೇ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

20 ಕಿಲೊಹರ್ಟ್ಸ್ ಸಾಕೇ ಎಂದರೆ ಸಾಲದು. ಲೂಪ್ 26 ಮೆಗಾಹರ್ಟ್ಸ್ ಗಡಿಯಾರದ ಪ್ರತಿ ಬಡಿತಕ್ಕೂ ಒಂದು ಹೊಸ ಅಂಕಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಆವರ್ತನ ಹೆಜ್ಜೆಹೆಜ್ಜೆಯಾಗಿ ಮಾತ್ರ ಚಲಿಸುವುದರಿಂದ ಹುಟ್ಟುವ ಕ್ವಾಂಟೈಸೇಶನ್ ನಾಯ್ಸ್, ಕ್ಯಾರಿಯರ್‌ನಿಂದ (ಮೂಲ ಅಲೆಯಿಂದ) 1 ಮೆಗಾಹರ್ಟ್ಸ್ ದೂರದಲ್ಲಿ ಪ್ರತಿ ಹರ್ಟ್ಸ್‌ಗೆ ಮೈನಸ್ 119 ಡೆಸಿಬೆಲ್ ಆಗುತ್ತದೆ. ಒಳ್ಳೆಯ ಎಲ್‌ಸಿ ಆಸಿಲೇಟರ್‌ನ ಸ್ವಂತ ನಾಯ್ಸ್ ಅದೇ ದೂರದಲ್ಲಿ ಮೈನಸ್ 127ರ ಆಸುಪಾಸು. ಎಂದರೆ ಇಂಡಕ್ಟರ್‌ನ ಗುಣಮಟ್ಟಕ್ಕಾಗಿ ಪಟ್ಟ ಶ್ರಮವೆಲ್ಲ ಹೆಜ್ಜೆಯ ಒರಟುತನದಲ್ಲಿ ಮುಳುಗಿಹೋಯಿತು. ಹೆಜ್ಜೆಯ ನಾಯ್ಸ್ ಆಸಿಲೇಟರ್‌ನದಕ್ಕಿಂತ 10 ಡೆಸಿಬೆಲ್ ಕೆಳಗಿರಬೇಕಾದರೆ ಹೆಜ್ಜೆ ಎಂಟು ಪಟ್ಟು ಚಿಕ್ಕದಾಗಬೇಕು: 2.5 ಕಿಲೊಹರ್ಟ್ಸ್, 2 ಅಟೊಫ್ಯಾರಡ್, ಹನ್ನೆರಡು–ಹದಿಮೂರು ಎಲೆಕ್ಟ್ರಾನ್.

ಇಷ್ಟು ಚಿಕ್ಕ ಕೆಪಾಸಿಟರನ್ನು ಯಾರೂ ಕಟ್ಟುವುದಿಲ್ಲ. ಈ ವಿದ್ಯೆಯ ಗುಟ್ಟು ಇರುವುದೇ ಅಲ್ಲಿ: ಕೆಪಾಸಿಟರ್ ಚಿಕ್ಕದಾಗಿರಬೇಕಿಲ್ಲ, ಇಂಡಕ್ಟರ್‌ನ ಕಣ್ಣಿಗೆ ಚಿಕ್ಕದಾಗಿ ಕಂಡರೆ ಸಾಕು. ತಂಬೂರಿಯ ಮಣಿಯೂ ಕೂದಲೆಳೆಯಷ್ಟು ಸಣ್ಣದಲ್ಲವಲ್ಲ.

ಅನಲಾಗ್ ದಾರಿ ಬಿಟ್ಟದ್ದೇಕೆ

ವೋಲ್ಟೇಜ್ ಕೊಟ್ಟರೆ ನಯವಾಗಿ ಬದಲಾಗುವ ವ್ಯಾರಾಕ್ಟರ್ ಇದೆಯಲ್ಲ, ಸ್ವಿಚ್‌ನ ಗೋಜೇಕೆ ಎಂಬ ಪ್ರಶ್ನೆ ಸಹಜ. ಹಳೆಯ ದೊಡ್ಡ ಗಾತ್ರದ ಟ್ರಾನ್ಸಿಸ್ಟರ್‌ಗಳ ಕಾಲದಲ್ಲಿ ಅದೇ ದಾರಿಯಿತ್ತು. ಆದರೆ ಸಪ್ಲೈ 1 ವೋಲ್ಟ್‌ಗೆ ಇಳಿದಾಗ, ಇಡೀ ಟ್ಯೂನಿಂಗ್ ವ್ಯಾಪ್ತಿಯನ್ನು ಅಷ್ಟರಲ್ಲೇ ತುರುಕಬೇಕು. 500 ಮೆಗಾಹರ್ಟ್ಸ್ ವ್ಯಾಪ್ತಿಯನ್ನು 0.5 ವೋಲ್ಟ್‌ನಲ್ಲಿ ದಾಟಬೇಕಾದರೆ ಕಂಟ್ರೋಲ್ ತಂತಿಯ ಮೇಲಿನ 1 ಮೈಕ್ರೊವೋಲ್ಟ್ ಗದ್ದಲ ನೇರವಾಗಿ 1 ಕಿಲೊಹರ್ಟ್ಸ್ ಆಗಿ ಹೊರಬರುತ್ತದೆ. ಲೂಪ್ ಫಿಲ್ಟರ್‌ನ ದೊಡ್ಡ ಕೆಪಾಸಿಟರ್ ಜಾಗ ತಿನ್ನುತ್ತದೆ, ಸಣ್ಣ ಟ್ರಾನ್ಸಿಸ್ಟರ್‌ಗಳಲ್ಲಿ ಚಾರ್ಜ್ ಸೋರುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ರಾಬರ್ಟ್ ಬಾಗ್ದಾನ್ ಸ್ಟಾಷೆವ್ಸ್ಕಿ ಮತ್ತು ಸಂಗಡಿಗರು 2000ದ ದಶಕದ ಮೊದಲ ವರ್ಷಗಳಲ್ಲಿ ಈ ಅನಲಾಗ್ ತಂತಿಯನ್ನೇ ಕಿತ್ತುಹಾಕಿದರು. ಪ್ರತಿ ವ್ಯಾರಾಕ್ಟರನ್ನೂ ಅದರ ವಕ್ರರೇಖೆಯ ಎರಡು ಸಮತಟ್ಟಾದ ತುದಿಗಳಲ್ಲಿ ಮಾತ್ರ ನಿಲ್ಲಿಸಿದರು. ಅಲ್ಲಿ ವೋಲ್ಟೇಜ್ ಸ್ವಲ್ಪ ಅಲುಗಾಡಿದರೂ ಕೆಪಾಸಿಟೆನ್ಸ್ ಅಲುಗಾಡದು. 130 ನ್ಯಾನೊಮೀಟರ್‌ನ ಅವರ ಬ್ಲೂಟೂತ್ ಚಿಪ್‌ನಲ್ಲಿ ಅತಿ ಸಣ್ಣ ಹೆಜ್ಜೆ 2.4 ಗಿಗಾಹರ್ಟ್ಸ್‌ನಲ್ಲಿ 23 ಕಿಲೊಹರ್ಟ್ಸ್ ಇತ್ತು.

ಒಂದು ಕೋಶ, ಹತ್ತಿರದಿಂದ

ಸ್ವಿಚ್ ಸಮೇತದ ಒಂದು ಕೆಪಾಸಿಟರ್ ಘಟಕವೇ ಕೋಶ. ಒರಟು ಹೆಜ್ಜೆಯ ಕೋಶದಲ್ಲಿ ಮೂರು ಭಾಗ: ಆಸಿಲೇಟರ್‌ನ ಎರಡೂ ಬದಿಗೆ ಒಂದೊಂದು ಕೆಪಾಸಿಟರ್, ನಡುವೆ ಒಂದು ಎನ್‌ಮಾಸ್ ಟ್ರಾನ್ಸಿಸ್ಟರ್ ಸ್ವಿಚ್ (ಗೇಟ್‌ನ ವೋಲ್ಟೇಜ್ ಅದರ ಡ್ರೈನ್, ಸೋರ್ಸ್ ಎಂಬ ಎರಡು ಕಾಲುಗಳನ್ನು ಕೂಡಿಸುತ್ತದೆ), ಸ್ವಿಚ್‌ನ ಎರಡೂ ಕಾಲಿಗೆ ದೊಡ್ಡ ರೆಸಿಸ್ಟರ್‌ಗಳ ಮೂಲಕ ಒಂದು ಬಯಾಸ್ (ನೆಲೆ ವೋಲ್ಟೇಜ್). ಕೆಪಾಸಿಟರ್ ತಲಾ 50 ಫೆಮ್ಟೊಫ್ಯಾರಡ್, ಸ್ವಿಚ್‌ನ ಆನ್ ರೆಸಿಸ್ಟೆನ್ಸ್ 20 ಓಮ್ ಆದರೆ 4 ಗಿಗಾಹರ್ಟ್ಸ್‌ನಲ್ಲಿ ಈ ಕೋಶದ ಗುಣಾಂಕ (ಕ್ಯೂ; ಹೆಚ್ಚಿದ್ದಷ್ಟೂ ಶಕ್ತಿ ನಷ್ಟ ಕಡಿಮೆ) ಸುಮಾರು 80. ಚಿಪ್ ಮೇಲಿನ ಇಂಡಕ್ಟರ್‌ನದು 10–15 ಇರುವುದರಿಂದ ಇದು ಪರವಾಗಿಲ್ಲ. 80ನ್ನು 160 ಮಾಡಲು ಸ್ವಿಚ್ಚನ್ನು ಇಮ್ಮಡಿ ಅಗಲ ಮಾಡಿದರೆ ಆಫ್ ಇದ್ದಾಗಿನ ಪರಾವಲಂಬಿ (ಬೇಡದೆಯೇ ಬಂದು ಸೇರುವ) ಕೆಪಾಸಿಟೆನ್ಸೂ ಇಮ್ಮಡಿಯಾಗುತ್ತದೆ. ಆನ್–ಆಫ್ ನಡುವಿನ ಅಂತರ ಕುಗ್ಗುತ್ತದೆ, ಟ್ಯೂನಿಂಗ್ ವ್ಯಾಪ್ತಿ ಹೋಗುತ್ತದೆ. ಈ ಜಗ್ಗಾಟಕ್ಕೆ ಪೂರ್ತಿ ಪರಿಹಾರವಿಲ್ಲ, ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಸ್ವಲ್ಪ ಸುಧಾರಿಸುತ್ತದೆ ಅಷ್ಟೆ.

ಹೊಸಬರು ಎಡವುವುದು ಆಫ್ ಸ್ಥಿತಿಯಲ್ಲಿ. ಗೇಟ್‌ಗೆ ಸೊನ್ನೆ ಕೊಟ್ಟರೆ ಸ್ವಿಚ್ ಮುಚ್ಚಿತು ಎಂದುಕೊಳ್ಳುತ್ತಾರೆ. ಆದರೆ ಡ್ರೈನ್–ಸೋರ್ಸ್‌ಗಳು ತೇಲುತ್ತಿವೆ, ಆಸಿಲೇಟರ್‌ನ ದೊಡ್ಡ ಅಲೆ ಅವನ್ನು ಸೊನ್ನೆಗಿಂತ ಕೆಳಗೆ ಎಳೆಯುತ್ತದೆ, ಆಗ ಸ್ವಿಚ್ ಪ್ರತಿ ಆವರ್ತದಲ್ಲೂ ಅರೆಬರೆ ತೆರೆದುಕೊಳ್ಳುತ್ತದೆ. ಆಫ್ ಇರುವ ಕೋಶವೇ ನಾಯ್ಸ್ ಸುರಿಯಲು ಶುರುಮಾಡುತ್ತದೆ. ಪರಿಹಾರ ಅಗ್ಗದ್ದು: ಆಫ್ ಆದಾಗ ಡ್ರೈನ್–ಸೋರ್ಸ್‌ಗಳನ್ನು ರೆಸಿಸ್ಟರ್ ಮೂಲಕ ಸಪ್ಲೈಗೆ ಎತ್ತಬೇಕು, ಆನ್ ಆದಾಗ ನೆಲಕ್ಕೆ (ಸೊನ್ನೆ ವೋಲ್ಟ್‌ಗೆ) ಇಳಿಸಬೇಕು. ಗೇಟ್‌ನ ಸಂಕೇತವನ್ನೇ ಒಂದು ಇನ್ವರ್ಟರ್‌ನಿಂದ ಮಗುಚಿ ಕೊಟ್ಟರೆ ಆಯಿತು. ರೆಸಿಸ್ಟರ್ ಸಣ್ಣದಾದರೆ ಆಸಿಲೇಟರ್‌ಗೆ ಹೊರೆ. ಹತ್ತಾರು ಕಿಲೊಓಮ್ ಇಡುವುದು ರೂಢಿ.

ಕೋಶಗಳ ಸಾಲುಗಳೇ ಬ್ಯಾಂಕ್‌ಗಳು: ಒರಟು, ನಡುವಿನ, ಸೂಕ್ಷ್ಮ ಹೆಜ್ಜೆಗಳಿಗೆ ಒಂದೊಂದು. ಇವುಗಳ ಜೋಡಣೆಯಲ್ಲಿ ಇನ್ನೊಂದು ಉರುಳು ಕಾದಿರುತ್ತದೆ. ಒರಟು ಬ್ಯಾಂಕ್‌ನ ಹೆಜ್ಜೆ 10 ಮೆಗಾಹರ್ಟ್ಸ್ ಎಂದರೆ ನಡುವಿನ ಬ್ಯಾಂಕ್‌ನ ಒಟ್ಟು ವ್ಯಾಪ್ತಿ ಸರಿಯಾಗಿ 10 ಇದ್ದರೆ ಸಾಲದು; 0.5 ಮೆಗಾಹರ್ಟ್ಸ್‌ನ 32 ಹೆಜ್ಜೆ ಇಟ್ಟು 16 ಮಾಡಬೇಕು. ಕಾಗದದ ಮೇಲೆ ಒಂದಕ್ಕೊಂದು ಮುಟ್ಟುವ ವ್ಯಾಪ್ತಿಗಳು ಸಿಲಿಕಾನ್‌ನಲ್ಲಿ ಮುಟ್ಟುವುದಿಲ್ಲ, ನಡುವೆ ತಲುಪಲಾಗದ ಆವರ್ತನಗಳು ಉಳಿದುಬಿಡುತ್ತವೆ. ಅದೂ ಅಲ್ಲದೆ ಹೆಜ್ಜೆಯ ಗಾತ್ರ ಆವರ್ತನದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ: ಅದೇ ಕೆಪಾಸಿಟರ್ 3 ಗಿಗಾಹರ್ಟ್ಸ್‌ಗಿಂತ 4ರಲ್ಲಿ 2.37 ಪಟ್ಟು ದೊಡ್ಡ ಹೆಜ್ಜೆ ಇಡುತ್ತದೆ. ವ್ಯಾಪ್ತಿಗಳು ಒಂದರ ಮೇಲೊಂದು ಬೀಳುವಂತೆ ನೋಡಿಕೊಳ್ಳುವುದನ್ನು ಕೆಳತುದಿಯಲ್ಲೂ ಮೇಲ್ತುದಿಯಲ್ಲೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು.

ಒರಟು ಬ್ಯಾಂಕ್‌ಗೆ ಬೈನರಿ (1, 2, 4, 8ರ ಗಾತ್ರದ ಕೋಶಗಳು) ಸಾಕು. ಸೂಕ್ಷ್ಮ ಬ್ಯಾಂಕ್‌ಗೆ ಬೇಡ. 0111ರಿಂದ 1000ಕ್ಕೆ ಹೋಗುವಾಗ ಎಂಟರ ಕೆಪಾಸಿಟರ್ ಒಂದು ಕಡೆ, ಏಳರ ಮೊತ್ತ ಇನ್ನೊಂದು ಕಡೆ. ಅಟೊಫ್ಯಾರಡ್ ಮಟ್ಟದಲ್ಲಿ ಇವುಗಳ ವ್ಯತ್ಯಾಸ ಒಂದು ಹೆಜ್ಜೆ ಆಗುವ ಬದಲು ಹಿಮ್ಮುಖವೇ ಆಗಬಹುದು. ಹೆಜ್ಜೆ ಹಿಮ್ಮುಖವಾದ ಕಡೆ ಲೂಪ್ ಹುಚ್ಚೆದ್ದು ಎರಡು ಅಂಕಿಗಳ ನಡುವೆ ಓಲಾಡುತ್ತದೆ. ಬಿಟ್‌ಗಳು ಬೇರೆಬೇರೆ ಹೊತ್ತಿಗೆ ತಲುಪಿದರೆ ಅರೆಕ್ಷಣ 0000 ಅಥವಾ 1111 ಕಾಣಿಸಿಕೊಂಡು ಆವರ್ತನ ಹಾರುವುದೂ ಉಂಟು. ಆದ್ದರಿಂದ ಸಮಾನ ಗಾತ್ರದ ಕೋಶಗಳನ್ನು ಒಂದೊಂದಾಗಿ ಏರಿಸುವ ಥರ್ಮಾಮೀಟರ್ ಕ್ರಮ, ಮತ್ತು ಆಸಿಲೇಟರ್‌ನದೇ ಗಡಿಯಾರದಿಂದ ಬಿಟ್‌ಗಳನ್ನೆಲ್ಲ ಏಕಕಾಲಕ್ಕೆ ಬಿಡುವ ಫ್ಲಿಪ್‌ಫ್ಲಾಪ್‌ಗಳು.

ನಡುಗಿಸಿ ಸರಾಸರಿ ಪಡೆಯುವುದು

ಹೆಜ್ಜೆ ಚಿಕ್ಕದು ಮಾಡುವ ಮೊದಲ ಉಪಾಯ ಸಮಯದಲ್ಲಿದೆ. ಒಂದು ಕೋಶವನ್ನು ನಾಲ್ಕರಲ್ಲಿ ಒಂದು ಹೊತ್ತು ಆನ್ ಇಟ್ಟರೆ ಸರಾಸರಿಯಲ್ಲಿ ಕಾಲು ಹೆಜ್ಜೆ. ಆಸಿಲೇಟರ್‌ನ ಆವರ್ತನವನ್ನೇ ಭಾಗಿಸಿ ಪಡೆದ ನೂರಾರು ಮೆಗಾಹರ್ಟ್ಸ್ ಗಡಿಯಾರದಲ್ಲಿ ಸಿಗ್ಮಾ–ಡೆಲ್ಟಾ ಮಾಡ್ಯುಲೇಟರ್ ಇದನ್ನು ಮಾಡುತ್ತದೆ. 5 ಬಿಟ್ ಭಿನ್ನಾಂಶ ಕೊಟ್ಟರೆ 20 ಕಿಲೊಹರ್ಟ್ಸ್ ಹೆಜ್ಜೆ ಸರಾಸರಿಯಲ್ಲಿ 625 ಹರ್ಟ್ಸ್. ಕೇಳಲು ಚೆನ್ನಾಗಿದೆ. ಆದರೆ ನಾಯ್ಸ್ ಎಲ್ಲೂ ಮಾಯವಾಗಿಲ್ಲ, ಕ್ಯಾರಿಯರ್‌ನ ಬಳಿಯಿಂದ ಗುಡಿಸಿ ದೂರಕ್ಕೆ ತಳ್ಳಿದ್ದೇವೆ. ದೂರದಲ್ಲಿ ಬೇರೆಯವರ ಮನೆ ಇದೆ: ಜಿಎಸ್‌ಎಂನಲ್ಲಿ ಕ್ಯಾರಿಯರ್‌ನಿಂದ 20 ಮೆಗಾಹರ್ಟ್ಸ್ ಆಚೆ ಇನ್ನೊಂದು ಮೊಬೈಲ್‌ನ ರಿಸೀವರ್ ಕಿವಿಗೊಟ್ಟು ಕೂತಿರುತ್ತದೆ, ಅಲ್ಲಿ ಮೈನಸ್ 162 ಡೆಸಿಬೆಲ್ ಬೇಕು. ನಾಯ್ಸನ್ನು ಇನ್ನೂ ಬಲವಾಗಿ ತಳ್ಳುವ ಎರಡನೇ ದರ್ಜೆಯ ಮಾಡ್ಯುಲೇಟರ್‌ಗೆ ಹಲವು ಕೋಶಗಳು ಬೇಕು, ಅವು ಒಂದಕ್ಕೊಂದು ಹೊಂದದಿದ್ದರೆ ದೂರ ತಳ್ಳಿದ ನಾಯ್ಸ್ ಮಡಚಿಕೊಂಡು ಹತ್ತಿರಕ್ಕೇ ವಾಪಸಾಗುತ್ತದೆ. ಭಿನ್ನಾಂಶ ಸೊನ್ನೆಯ ಸಮೀಪವಿದ್ದಾಗ ಮಾಡ್ಯುಲೇಟರ್ ಒಂದೇ ವಿನ್ಯಾಸವನ್ನು ಗಿಳಿಪಾಠದಂತೆ ಒಪ್ಪಿಸುವುದರಿಂದ ಸ್ಪೆಕ್ಟ್ರಮ್‌ನಲ್ಲಿ ಮುಳ್ಳುಗಳು ಏಳುತ್ತವೆ. ಒರಟು ಹೆಜ್ಜೆಯನ್ನು ಸಿಗ್ಮಾ–ಡೆಲ್ಟಾದಿಂದ ಮುಚ್ಚಿಹಾಕುವುದಕ್ಕಿಂತ, ಮೊದಲು ಹೆಜ್ಜೆಯನ್ನೇ ಸಣ್ಣದು ಮಾಡಿ ಆಮೇಲೆ ಬೇಕಾದರೆ ಸ್ವಲ್ಪ ನಡುಗಿಸುವುದು ಜಾಣತನ.

ದೊಡ್ಡದನ್ನು ಚಿಕ್ಕದಾಗಿ ತೋರಿಸುವುದು

ಸರಳ ದಾರಿ ಸರಣಿ ಕೆಪಾಸಿಟರ್. ಇಂಡಕ್ಟರ್ ಕಡೆಗೆ 20 ಫೆಮ್ಟೊಫ್ಯಾರಡ್‌ನ ಒಂದು ಕೆಪಾಸಿಟರ್, ಅದರ ಹಿಂದೆ 380 ಫೆಮ್ಟೊಫ್ಯಾರಡ್ ಸ್ಥಿರವಾದ ಇನ್ನೊಂದು. ಸ್ವಿಚ್ ಆಗುವ 1 ಫೆಮ್ಟೊಫ್ಯಾರಡ್ ಕೋಶಗಳು ಈ ಎರಡನೆಯದಕ್ಕೆ ಸಮಾನಾಂತರವಾಗಿ. ಒಳನೋಡ್‌ಗೆ ತಲುಪುವ ಅಲೆ ಇಪ್ಪತ್ತನೇ ಒಂದು ಭಾಗ, ಕೆಪಾಸಿಟೆನ್ಸ್ ಬದಲಾವಣೆ ಅದರ ವರ್ಗದಷ್ಟು, ನಾನೂರನೇ ಒಂದು ಭಾಗ. ಹೀಗೆ 1 ಫೆಮ್ಟೊಫ್ಯಾರಡ್ ಇಂಡಕ್ಟರ್‌ಗೆ 2.5 ಅಟೊಫ್ಯಾರಡ್‌ನಂತೆ ಕಾಣುತ್ತದೆ. ಸ್ವಿಚ್‌ನ ಮೇಲೆ ಬೀಳುವ ಅಲೆಯೂ ಸಣ್ಣದಾದ್ದರಿಂದ ಅರೆಬರೆ ತೆರೆದುಕೊಳ್ಳುವ ಕಾಟ ಇಲ್ಲ. ಪರಾವಲಂಬಿ ಕೆಪಾಸಿಟೆನ್ಸ್ 380ಕ್ಕೆ ಸೇರಿಹೋಗುತ್ತದೆ, ಹಾಳು ಮಾಡುವುದಿಲ್ಲ. ಮರೆಯಬಾರದ್ದು ಒಂದೇ: ಒಳನೋಡ್‌ಗೆ ಡಿಸಿ ದಾರಿಯಿಲ್ಲ. ದೊಡ್ಡ ರೆಸಿಸ್ಟರ್‌ನಿಂದ ನೆಲಕ್ಕೆ ಕಟ್ಟದಿದ್ದರೆ ಸೋರಿಕೆಯಿಂದ ಅದರ ವೋಲ್ಟೇಜ್ ತೆವಳುತ್ತಾ ಹೋಗುತ್ತದೆ, ಜೊತೆಗೆ ಆವರ್ತನವೂ.

ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಫನೋರಿ, ಲಿಸಿದಿನಿ, ಕಾಸ್ತೆಲ್ಲೊ 2010ರಲ್ಲಿ ತೋರಿಸಿದ ದಾರಿ ಇನ್ನೂ ಚುರುಕಾದದ್ದು. ಆಸಿಲೇಟರನ್ನು ಜೀವಂತ ಇಡುವ ಅಡ್ಡಜೋಡಣೆಯ ಟ್ರಾನ್ಸಿಸ್ಟರ್ ಜೋಡಿಯ ಒಂದು ಭಾಗವನ್ನು ಬೇರ್ಪಡಿಸಿ, ಅದರ ಎರಡು ಸೋರ್ಸ್‌ಗಳ ನಡುವೆ ಸ್ವಿಚ್ಡ್ ಕೆಪಾಸಿಟರ್ ಬ್ಯಾಂಕ್ ಇಟ್ಟರು; ಪ್ರತಿ ಸೋರ್ಸ್‌ಗೆ ಪ್ರತ್ಯೇಕ ಕರೆಂಟ್ ಮೂಲ. ಸೋರ್ಸ್ ಕಡೆಯ ಕೆಪಾಸಿಟರ್, ಟ್ರಾನ್ಸಿಸ್ಟರ್ ಮೂಲಕ ಇಂಡಕ್ಟರ್‌ಗೆ ಸಣ್ಣ ಋಣ ಕೆಪಾಸಿಟೆನ್ಸ್ ಆಗಿ ಕಾಣುತ್ತದೆ. ಕುಗ್ಗಿಸುವ ಪ್ರಮಾಣ ಟ್ರಾನ್ಸ್‌ಕಂಡಕ್ಟೆನ್ಸ್‌ಗೂ (ಗೇಟ್‌ನ ಪ್ರತಿ ವೋಲ್ಟ್‌ಗೆ ಟ್ರಾನ್ಸಿಸ್ಟರ್‌ನ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಆ ಕೆಪಾಸಿಟರ್‌ನ ಅಡ್ಮಿಟೆನ್ಸ್‌ನ (ಪ್ರತಿ ವೋಲ್ಟ್‌ಗೆ ಅದರಲ್ಲಿ ಹರಿಯುವ ಕರೆಂಟ್) ಎರಡರಷ್ಟಕ್ಕೂ ಇರುವ ಅನುಪಾತದ ವರ್ಗ. 3.3 ಗಿಗಾಹರ್ಟ್ಸ್‌ನಲ್ಲಿ 10 ಮಿಲಿಸೀಮೆನ್ಸ್ ಜೋಡಿ, 5 ಪಿಕೊಫ್ಯಾರಡ್ ಬ್ಯಾಂಕ್ ಎಂದರೆ ಕುಗ್ಗುವುದು 430 ಪಟ್ಟು. 2 ಮಿಲಿಸೀಮೆನ್ಸ್‌ನ ಸಣ್ಣ ತುಂಡನ್ನು ಮಾತ್ರ ಬಳಸಿದರೆ ಹತ್ತು ಸಾವಿರಕ್ಕೂ ಮಿಕ್ಕಿ. ಆಗ ಆರಾಮವಾಗಿ ಬಿಡಿಸಬಹುದಾದ 5 ಫೆಮ್ಟೊಫ್ಯಾರಡ್ ಕೋಶ ಅರ್ಧ ಅಟೊಫ್ಯಾರಡ್‌ನಂತೆ ವರ್ತಿಸುತ್ತದೆ. ಅವರ 65 ನ್ಯಾನೊಮೀಟರ್ ಚಿಪ್ ಯಾವ ನಡುಕದ ಸಹಾಯವೂ ಇಲ್ಲದೆ 150 ಹರ್ಟ್ಸ್ ಹೆಜ್ಜೆ ಇಟ್ಟಿತು. ಮೇಲೆ ಹೇಳಿದ ಮೈನಸ್ 127ರ ಮಟ್ಟವೂ ಆ ಆಸಿಲೇಟರ್‌ನದೇ: 1 ಮೆಗಾಹರ್ಟ್ಸ್ ದೂರದಲ್ಲಿ ಮೈನಸ್ 127.5.

ಬೆಲೆಯೂ ಇದೆ. ಟ್ರಾನ್ಸ್‌ಕಂಡಕ್ಟೆನ್ಸ್ ಬಿಸಿಗೆ, ಬಯಾಸ್‌ಗೆ ಬದಲಾಗುವಂಥದ್ದು, ಅದರ ವರ್ಗ ಇನ್ನೂ ಹೆಚ್ಚು. ಶೇಕಡಾ 10 ಬದಲಾದರೆ ಹೆಜ್ಜೆ ಶೇಕಡಾ 20ರಷ್ಟು ಬದಲಾಗುತ್ತದೆ. ಲಾಕ್ ಆಗಿ ಕೂರುವ ಲೂಪ್‌ಗೆ ಇದು ಗೌಣ. ಮಾಡ್ಯುಲೇಶನ್ನನ್ನು ನೇರ ಆಸಿಲೇಟರ್‌ಗೇ ಕೊಡುವ ವಿನ್ಯಾಸದಲ್ಲಿ ಮಾತ್ರ ಹೆಜ್ಜೆಯ ಗಾತ್ರ ಕರಾರುವಾಕ್ಕಾಗಿ ಗೊತ್ತಿರಬೇಕು; ಅಲ್ಲಿ ಹಿನ್ನೆಲೆಯಲ್ಲಿ ಅಳೆಯುತ್ತಲೇ ಇರುವ ಕ್ಯಾಲಿಬ್ರೇಶನ್ ಇಲ್ಲದೆ ಕೈಹಾಕಬಾರದು.

ಸೂಕ್ಷ್ಮ ಹೆಜ್ಜೆಯ ಅಮಲಿನಲ್ಲಿ ವ್ಯಾಪ್ತಿಯನ್ನು ಮರೆಯುವವರೂ ಇದ್ದಾರೆ. 20 ಕಿಲೊಹರ್ಟ್ಸ್‌ನ 64 ಹೆಜ್ಜೆ ಎಂದರೆ ಒಟ್ಟು 1.28 ಮೆಗಾಹರ್ಟ್ಸ್. ಆಸಿಲೇಟರ್ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 50 ಪಾಲು ಜಾರುತ್ತದೆ ಎಂದಿಟ್ಟುಕೊಂಡರೆ 4 ಗಿಗಾಹರ್ಟ್ಸ್‌ನಲ್ಲಿ ಡಿಗ್ರಿಗೆ 200 ಕಿಲೊಹರ್ಟ್ಸ್. ಬ್ಯಾಂಕ್‌ನ ನಡುವಿನಿಂದ ಹೊರಟರೆ ಮೂರು ಡಿಗ್ರಿಗೆ ಗೋಡೆ ಮುಟ್ಟುತ್ತೇವೆ, ಪವರ್ ಆಂಪ್ಲಿಫೈಯರ್ ಆನ್ ಆದರೆ ಚಿಪ್ ಅಷ್ಟು ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಪ್ಯಾಕೆಟ್ ಹೋಗುತ್ತಿರುವಾಗಲೇ ನಡುವಿನ ಬ್ಯಾಂಕನ್ನು ಒಂದು ಹೆಜ್ಜೆ ಬದಲಿಸಿದರೆ 0.5 ಮೆಗಾಹರ್ಟ್ಸ್ ಜಿಗಿತ, ಲಿಂಕ್ ಕಡಿಯುತ್ತದೆ. ಅದನ್ನು ಮಾಡಲೇಬೇಕಾದರೆ ಅದೇ ಬಡಿತದಲ್ಲಿ ಸೂಕ್ಷ್ಮ ಬ್ಯಾಂಕನ್ನು 25 ಹೆಜ್ಜೆ ಹಿಂದಕ್ಕೆ ತಳ್ಳಬೇಕು. ಆ 25 ನಿಜವಾಗಿ 25ವೋ 23.4ವೋ ಎಂಬುದು ಮೊದಲೇ ಅಳೆದಿಟ್ಟಿದ್ದರೆ ಮಾತ್ರ ಗೊತ್ತು.

ಬೋರ್ಡ್ ಮೇಲೆ ಇದೇ ಆಟ

ಚಿಪ್ ವಿನ್ಯಾಸ ಮಾಡದವರ ಕೈಗೂ ಈ ತಂತ್ರ ಸಿಗುವ ಜಾಗ ಒಂದಿದೆ: ಕ್ರಿಸ್ಟಲ್ ಆಸಿಲೇಟರ್. ಇಲ್ಲಿ ಕುಗ್ಗಿಸುವ ಕೆಲಸವನ್ನು ಸ್ಫಟಿಕವೇ ಮಾಡುತ್ತದೆ. 32 ಮೆಗಾಹರ್ಟ್ಸ್ ಕ್ರಿಸ್ಟಲ್‌ನ ಯಾಂತ್ರಿಕ ಕಂಪನಕ್ಕೆ ಸಮನಾದ ಕೆಪಾಸಿಟೆನ್ಸ್ 3 ಫೆಮ್ಟೊಫ್ಯಾರಡ್, ಕವಚದ್ದು 1 ಪಿಕೊಫ್ಯಾರಡ್, ಲೋಡ್ (ಹೊರಗಿನಿಂದ ಕ್ರಿಸ್ಟಲ್‌ಗೆ ಕಟ್ಟಿದ ಕೆಪಾಸಿಟೆನ್ಸ್) 10 ಪಿಕೊಫ್ಯಾರಡ್ ಎಂದು ಹಿಡಿದರೆ, ಲೋಡ್‌ಗೆ ಇಡೀ ಒಂದು ಪಿಕೊಫ್ಯಾರಡ್ ಸೇರಿಸಿದರೂ ಆವರ್ತನ ಕದಲುವುದು ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಮಾತ್ರ.

ಭಾರತದಲ್ಲಿ 865–868 ಮೆಗಾಹರ್ಟ್ಸ್ ಲೈಸೆನ್ಸ್‌ರಹಿತ ಪಟ್ಟಿಯಲ್ಲಿ ಓಡುವ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೊ) ಬೋರ್ಡ್‌ಗಳಲ್ಲಿರುವ ಸೆಮ್‌ಟೆಕ್ ಎಸ್‌ಎಕ್ಸ್1262 ಚಿಪ್ಪನ್ನೇ ನೋಡಿ. ಕ್ರಿಸ್ಟಲ್‌ನ ಎರಡೂ ಕಾಲಿಗೆ ಒಳಗೇ ಸ್ವಿಚ್ಡ್ ಕೆಪಾಸಿಟರ್ ಬ್ಯಾಂಕ್‌ಗಳಿವೆ: 11.3ರಿಂದ 33.4 ಪಿಕೊಫ್ಯಾರಡ್‌ವರೆಗೆ, 0.47ರ ಹೆಜ್ಜೆಯಲ್ಲಿ. ಹೆಕ್ಸಾಡೆಸಿಮಲ್ 0911 ಮತ್ತು 0912 ವಿಳಾಸದ ರಿಜಿಸ್ಟರ್‌ಗಳಲ್ಲಿ ಬೆಲೆ ಬರೆಯಬೇಕು, ಚಿಪ್ ಕ್ರಿಸ್ಟಲ್ ಓಡುತ್ತಿರುವ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿರಬೇಕು. ಎರಡು ಬದಿಯ ಬ್ಯಾಂಕ್‌ಗಳು ಕ್ರಿಸ್ಟಲ್‌ಗೆ ಸರಣಿಯಾಗಿ ಕಾಣುವುದರಿಂದ ಲೋಡ್ ಬದಲಾಗುವುದು ಹೆಜ್ಜೆಯ ಅರ್ಧದಷ್ಟು: ಎರಡೂ ಬದಿ ಒಂದು ಹೆಜ್ಜೆ ಏರಿಸಿದರೆ ಮೇಲಿನ ಕ್ರಿಸ್ಟಲ್‌ಗೆ ಹತ್ತು ಲಕ್ಷಕ್ಕೆ 2.9 ಪಾಲು, ಒಂದೇ ಬದಿ ಏರಿಸಿದರೆ ಅದರ ಅರ್ಧ. ಚಿಪ್ಪನ್ನು ಮಾಡ್ಯುಲೇಶನ್ ಇಲ್ಲದ ನಿರಂತರ ಅಲೆ ಪ್ರಸಾರ ಮಾಡುವಂತೆ ಇಟ್ಟು ಅಳೆದಾಗ 866.000ರ ಬದಲು 866.009 ಮೆಗಾಹರ್ಟ್ಸ್ ಬಂತು ಎನ್ನಿ. ಹೆಚ್ಚಾದದ್ದು ಹತ್ತು ಲಕ್ಷಕ್ಕೆ 10.4 ಪಾಲು. ಎರಡೂ ಬದಿ ಮೂರು ಹೆಜ್ಜೆ, ಒಂದು ಬದಿಗೆ ಇನ್ನೊಂದು: 10.2 ಇಳಿಯಿತು, ಉಳಿದದ್ದು ಸುಮಾರು 170 ಹರ್ಟ್ಸ್. ಕೆಪಾಸಿಟೆನ್ಸ್ ಹೆಚ್ಚಿದಂತೆ ಹೆಜ್ಜೆ ಸಣ್ಣದಾಗುವುದರಿಂದ ಲೆಕ್ಕ ನಂಬಿ ಬಿಡದೆ ಮತ್ತೊಮ್ಮೆ ಅಳೆಯಬೇಕು.

ಅಳೆಯುವಾಗ ಆಸಿಲೋಸ್ಕೋಪ್ ಪ್ರೋಬನ್ನು ಕ್ರಿಸ್ಟಲ್ ಕಾಲಿಗೆ ಮುಟ್ಟಿಸಬೇಡಿ. ಸಾಮಾನ್ಯ 10 ಪಟ್ಟಿನ ಪ್ರೋಬ್‌ಗೇ ಸುಮಾರು 10 ಪಿಕೊಫ್ಯಾರಡ್ ಇರುತ್ತದೆ. ನೀವು ತಿದ್ದಲು ಹೊರಟದ್ದಕ್ಕಿಂತ ಅದು ತಂದಿಡುವ ದೋಷವೇ ದೊಡ್ಡದು. ಆಂಟೆನಾ ಕಡೆಯ ಸಂಕೇತವನ್ನೇ ಅಳೆಯಿರಿ. ಅಗ್ಗದ ಎಸ್‌ಡಿಆರ್ ಡಾಂಗಲ್‌ನ (ಕಂಪ್ಯೂಟರ್‌ಗೆ ಚುಚ್ಚುವ ರೇಡಿಯೊ ರಿಸೀವರ್) ಸ್ವಂತ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 1 ಪಾಲು ತಪ್ಪಿದ್ದರೂ ಇಲ್ಲಿ 866 ಹರ್ಟ್ಸ್ ಸುಳ್ಳು ಬರುತ್ತದೆ, ಆದ್ದರಿಂದ ಮೊದಲು ಅದನ್ನೇ ನಂಬಿಗಸ್ತ ಸಂಕೇತಕ್ಕೆ ಹೋಲಿಸಿ. ಹಳೆಯ ಬೋರ್ಡ್‌ನ ನಕ್ಷೆ ನಕಲು ಮಾಡಿ ಹೊರಗಡೆಯೂ ಲೋಡ್ ಕೆಪಾಸಿಟರ್ ಕೂರಿಸಿದ್ದರೆ ಒಳಗಿನ ಬ್ಯಾಂಕ್ ಕನಿಷ್ಠಕ್ಕೆ ಇಳಿಸಿದರೂ ಆವರ್ತನ ಕೆಳಗೇ ಉಳಿಯುತ್ತದೆ. ಅವನ್ನು ಕಿತ್ತು ತೆಗೆಯದೆ ಬೇರೆ ದಾರಿಯಿಲ್ಲ.

ಈ ಚಿಪ್‌ನ ಸಿಂತಸೈಜರ್‌ನ (ಕ್ರಿಸ್ಟಲ್‌ನಿಂದ ಕ್ಯಾರಿಯರ್ ಆವರ್ತನ ತಯಾರಿಸುವ ಭಾಗ) ಹೆಜ್ಜೆ 1 ಹರ್ಟ್ಸ್‌ಗಿಂತ ಕಡಿಮೆ ಇರುವಾಗ ಸಾಫ್ಟ್‌ವೇರ್‌ನಲ್ಲೇ 9 ಕಿಲೊಹರ್ಟ್ಸ್ ಕಳೆದರೆ ಸಾಲದೇ? ಕ್ಯಾರಿಯರ್ ಸರಿಹೋಗುತ್ತದೆ. ಸಿಂಬಲ್‌ಗಳ ಕಾಲಮಾನ ಮಾತ್ರ ತಪ್ಪಾಗಿಯೇ ಉಳಿಯುತ್ತದೆ, ಏಕೆಂದರೆ ಅದೂ ಅದೇ ಕ್ರಿಸ್ಟಲ್‌ನಿಂದ ಹುಟ್ಟುವುದು. ಕಡಿಮೆ ಸ್ಪ್ರೆಡಿಂಗ್ ಫ್ಯಾಕ್ಟರ್‌ನ (ಇದು ಹೆಚ್ಚಿದಷ್ಟೂ ಪ್ರತಿ ಸಿಂಬಲ್ ಉದ್ದ) ಚುಟುಕು ಪ್ಯಾಕೆಟ್‌ಗೆ ಇದು ತಟ್ಟದು. ಸ್ಪ್ರೆಡಿಂಗ್ ಫ್ಯಾಕ್ಟರ್ 12ರಲ್ಲಿ ಕಳಿಸುವ ಉದ್ದನೆಯ ಪ್ಯಾಕೆಟ್‌ನ ಬಾಲದಲ್ಲಿ ತಟ್ಟುತ್ತದೆ. ಬ್ಯಾಂಕನ್ನು ಮೇಲ್ತುದಿಗೆ ಏರಿಸುವಾಗಲೂ ಎಚ್ಚರ ಬೇಕು. ಎರಡೂ ಬದಿಯ ಕೆಪಾಸಿಟೆನ್ಸ್ ಇಮ್ಮಡಿಯಾದರೆ ಕ್ರಿಸ್ಟಲನ್ನು ಎಬ್ಬಿಸುವ ಋಣ ರೆಸಿಸ್ಟೆನ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಅದು ಕ್ರಿಸ್ಟಲ್‌ನ ಸರಣಿ ರೆಸಿಸ್ಟೆನ್ಸ್‌ನ ಐದು ಪಟ್ಟಾದರೂ ಇರಲಿ ಎಂಬುದು ವಾಡಿಕೆ. ಅದಕ್ಕಿಂತ ಕೆಳಗಿಳಿದ ಬೋರ್ಡ್ ಮೇಜಿನ ಮೇಲೆ ಹತ್ತಕ್ಕೆ ಹತ್ತು ಸಲ ಎದ್ದೀತು, ಎರಡು ವರ್ಷ ಕಂಬದ ಮೇಲೆ ನಿಂತ ಮೇಲೆ ಯಾವುದೋ ಒಂದು ಬೆಳಗ್ಗೆ ಏಳದೆ ಹೋದೀತು.